ಅಪ್ಪನ ಕೆರೆ ಸುತ್ತ ವಸಂತದ ಹಕ್ಕಿ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಕೊನೆಯಿಂದ ಏಪ್ರಿಲ್ ಅರ್ಧದವರೆಗೆ, ಭಾನುವಾರ ಬೆಳಿಗ್ಗೆ, ಕಲಬುರಗಿಯ ಅಪ್ಪನ ಕೆರೆ ಸುತ್ತ ನಾವು ಕೆಲವರು ಹಕ್ಕಿ ನೋಡುತ್ತ ನಡೆಯುತ್ತೇವೆ. ಇದಕ್ಕೆ ಸಂಘವಿಲ್ಲ, ಬ್ಯಾನರ್ ಇಲ್ಲ, ಫೀ ಇಲ್ಲ. ಯಾರು ಬೇಕಾದರೂ ಬರಬಹುದು. ಬಂದವರು ದಾರಿಯಲ್ಲಿ ಕೇಳುವ, ಬರಬೇಕೆಂದವರು ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

ಊರ ನಡುವಿನ ಕೆರಿಯೊಳಗ ನೋಡುವಂಥಾ ಹಕ್ಕಿ ಏನ್ ಅದಾವ್ರಿ?

ಬಹಳ ಅದಾವ. ನೀರಿನ ಮೇಲೆ ಗುಳುಮುಳುಕ, ನಾಮದ ಕೋಳಿ, ವರಟೆ ಬಾತು. ದಂಡೆಯಲ್ಲಿ ಕೊಳದ ಬಕ, ಬೆಳ್ಳಕ್ಕಿ, ಹುಂಡುಕೋಳಿ, ಟಿಟ್ಟಿಭ. ಕಂಬಿ, ತಂತಿ, ಒಣ ಟೊಂಗೆ ಕಂಡಲ್ಲೆಲ್ಲ ಮಿಂಚುಳ್ಳಿ, ನೀರುಕಾಗೆ, ಕಾಜಾಣ. ಮರಗಳಲ್ಲಿ ಕೋಗಿಲೆ, ಗಿಳಿ, ಸೂರಕ್ಕಿ, ಪಿಕಳಾರ, ಗೊರವಂಕ. ಇವು ಯಾವುವೂ ಅಪರೂಪದ ಹಕ್ಕಿಗಳಲ್ಲ. ಅಪರೂಪದ್ದನ್ನು ಹುಡುಕಿಕೊಂಡು ಬರುವವರಿಗೆ ಈ ನಡಿಗೆ ಹೇಳಿ ಮಾಡಿಸಿದ್ದಲ್ಲ. ದಿನಾ ಕಾಣುವ ಹಕ್ಕಿ ವಸಂತದಲ್ಲಿ ಏನೇನು ಮಾಡುತ್ತದೆ ಎಂದು ನಿಂತು ನೋಡುವ ಮನಸ್ಸಿದ್ದವರು ಬನ್ನಿ.

ಕಲಬುರಗಿ ಬಿಸಿಲಿನ ಊರು. ಸುತ್ತಲಿನ ಎರೆಹೊಲಗಳಲ್ಲಿ ತೊಗರಿ ಕಿತ್ತು, ಹಿಂಗಾರಿ ಜೋಳ ಕೊಯ್ದು ಮುಗಿದ ಮೇಲೆ ಮಣ್ಣು ಬಾಯಿ ಬಿಡುತ್ತದೆ, ಹಳ್ಳಗಳು ಒಣಗುತ್ತವೆ. ಆಗ ನೀರು ಉಳಿದಿರುವ ಕೆರೆ ಎಷ್ಟು ಸಣ್ಣದಾದರೂ, ಎಷ್ಟು ಗದ್ದಲದ ನಡುವೆ ಇದ್ದರೂ ಹಕ್ಕಿಗೆ ಬೇಕೇ ಬೇಕು. ಊರೊಳಗಿನ ಕೆರೆಯ ಬೆಲೆ ಅದು.

ಚಳಿಗಾಲದಾಗ ಹೆಚ್ಚು ಹಕ್ಕಿ ಬರ್ತಾವ ಅಂತಾರಲ್ಲ, ನೀವು ಬಿಸಿಲು ಹತ್ತುವ ಹೊತ್ತಿನಾಗ ಯಾಕ ನಡೀತೀರಿ?

ಲೆಕ್ಕಕ್ಕೆ ಚಳಿಗಾಲವೇ ಹೆಚ್ಚು, ನಿಜ. ಆದರೆ ಫೆಬ್ರವರಿ–ಮಾರ್ಚ್‌ನಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿರುತ್ತವೆ. ಹೊರಗಿನಿಂದ ಬಂದವು ಗಂಟು ಕಟ್ಟುತ್ತಿರುತ್ತವೆ, ಇಲ್ಲಿಯವು ಮನೆ ಕಟ್ಟುತ್ತಿರುತ್ತವೆ. ಒಂದೇ ಬೆಳಿಗ್ಗೆ ಎರಡನ್ನೂ ನೋಡಲು ಸಿಗುವುದು ವರ್ಷದಲ್ಲಿ ಈ ಆರೆಂಟು ವಾರ ಮಾತ್ರ.

ಇನ್ನೊಂದು, ಹಕ್ಕಿಗಳು ವೇಷ ಬದಲಿಸುವ ಕಾಲ ಇದು. ಚಳಿಗಾಲದಲ್ಲಿ ಮಾಸಲು ಮಣ್ಣಿನ ಬಣ್ಣಕ್ಕಿದ್ದ ಕೊಳದ ಬಕಕ್ಕೆ ಬೆನ್ನ ಮೇಲೆ ಕಡುಗೆಂಪು ಗರಿ ಬರುತ್ತವೆ, ತಲೆಯಿಂದ ಉದ್ದನೆಯ ಎಳೆಗಳು ಇಳಿಯುತ್ತವೆ. ಗಂಡು ಸೂರಕ್ಕಿ ಹಳದಿ ಕಳೆದು ಮಿರಮಿರ ನೇರಳೆ-ಕಪ್ಪಾಗುತ್ತದೆ. ಕಳೆದ ತಿಂಗಳು ನೋಡಿದ ಹಕ್ಕಿಯೇ ಇದು ಅಂದರೆ ಹೊಸಬರು ನಂಬುವುದಿಲ್ಲ.

ಎಷ್ಟೊತ್ತಿಗೆ ಬರಬೇಕು?

ಮಾರ್ಚ್‌ನಲ್ಲಿ 6:15ಕ್ಕೆ, ಏಪ್ರಿಲ್‌ನಲ್ಲಿ 5:45ಕ್ಕೆ. ಮಾರ್ಚ್ ನಡುವೆ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಹೊತ್ತಿಗೆ, ಏಪ್ರಿಲ್ ಕೊನೆಗೆ ಆರರ ಆಜುಬಾಜು. ಹುಟ್ಟುವ ಮೊದಲಿನ ಕಾಲು ಗಂಟೆ ಮತ್ತು ನಂತರದ ಒಂದೂವರೆ ಗಂಟೆ ಹಕ್ಕಿಗಳು ಚುರುಕಾಗಿರುತ್ತವೆ. ಎಂಟೂವರೆ ದಾಟಿದರೆ ಅವು ನೆರಳು ಹಿಡಿಯುತ್ತವೆ, ನಾವೂ ಹಿಡಿಯುತ್ತೇವೆ. ಏಪ್ರಿಲ್‌ನಲ್ಲಿ ಪಾದರಸ 40 ದಾಟುವ ಊರಿದು. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಇಲ್ಲಿ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ.

ತಡವಾದರೆ ಫೋನ್ ಮಾಡಿ ಕೂಗಿಸಬೇಡಿ, ದಂಡೆ ಹಿಡಿದು ನಡೆದರೆ ನಾವು ಸಿಕ್ಕೇ ಸಿಗುತ್ತೇವೆ.

ಸಂಜಿಗೆ ಬಂದ್ರ ನಡಿಯೋದಿಲ್ಲೇನು?

ನಡೆಯುತ್ತದೆ. ಐದೂವರೆ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ರಾತ್ರಿ ಕೂರುವ ಮರಕ್ಕೆ ಸಾಲುಸಾಲಾಗಿ ಮರಳುವುದನ್ನು ನೋಡಬಹುದು. ಆದರೆ ಸಂಜೆ ವಾಕಿಂಗ್ ಮಂದಿ, ಮಕ್ಕಳ ಆಟ, ತಿಂಡಿಗಾಡಿ ಎಲ್ಲ ಸೇರಿ ಗದ್ದಲ ಜಾಸ್ತಿ.

ಬೆಳಕಿನ ವಿಷಯ ಒಂದು ನೆನಪಿಡಿ. ಬೆಳಿಗ್ಗೆ ಮೂಡಣ ದಂಡೆಯ ಮೇಲೆ ನಿಂತು ಪಡುವಣಕ್ಕೆ ನೋಡಿ, ಸಂಜೆ ಅದರ ಉಲ್ಟಾ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಬಣ್ಣ ಕಾಣುತ್ತದೆ, ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಪ್ಪೇ.

ಹೋಳಿ ಮತ್ತ ಅಪ್ಪನ ಜಾತ್ರಿ ಟೈಮಿನಾಗೂ ನಡಿಗಿ ಇರ್ತದೇನು?

ಹೋಳಿ ಹುಣ್ಣಿಮೆಯಾಗಿ ಐದನೇ ದಿನಕ್ಕೆ ಅಪ್ಪನ, ಅಂದರೆ ಶರಣಬಸವೇಶ್ವರರ ತೇರು. ಅವತ್ತು ಮತ್ತು ಅದರ ಆಸುಪಾಸು ಕೆರೆಯ ಹತ್ತಿರದ ಅವರ ಗುಡಿಯ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಆ ಭಾನುವಾರ ನಾವು ಕೆರೆಗೆ ಬರದೆ ಪಬ್ಲಿಕ್ ಗಾರ್ಡನ್ ಮರಗಳ ಕೆಳಗೆ ನಡೆಯುತ್ತೇವೆ. ಜಾತ್ರೆಗೆ ಬಂದ ಭಕ್ತರ ನಡುವೆ ದುರ್ಬೀನು ಹಿಡಿದು ತಿರುಗುವುದು ಸರಿಯಲ್ಲ, ತೇರು ನೋಡುವ ದಿನ ತೇರನ್ನೇ ನೋಡಬೇಕು.

ಹೋಳಿ ಬಗ್ಗೆ ಒಂದು ಬೇಡಿಕೆ. ಬಣ್ಣ ಆಡಿದ ಮೇಲೆ ಕೆರೆಯಲ್ಲಿ ಮೈ ತೊಳೆಯಬೇಡಿ, ಮನೆಯ ನಲ್ಲಿಯಲ್ಲಿ ತೊಳೆಯಿರಿ. ಹರಿಯದ ನೀರಿಗೆ ಬಿದ್ದ ರಾಸಾಯನಿಕ ಬಣ್ಣ ಅಲ್ಲೇ ಉಳಿಯುತ್ತದೆ. ಮೀನು, ಹುಳ, ಅದನ್ನು ತಿನ್ನುವ ಹಕ್ಕಿ ಎಲ್ಲವೂ ಅದೇ ನೀರಿನಲ್ಲಿ ಬದುಕಬೇಕು.

ದುರ್ಬೀನು ಇಲ್ಲ. ಬರಬಹುದಾ? ಕೊಳ್ಳೋದಾದ್ರ ಯಾವುದು ತಗೋಬೇಕು?

ಇಲ್ಲದೆಯೂ ಬನ್ನಿ. ನಮ್ಮಲ್ಲಿರುವವನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತೇವೆ.

ಕೊಳ್ಳುವುದಾದರೆ 8×42 ಎಂದು ಬರೆದಿರುವುದನ್ನು ತೆಗೆದುಕೊಳ್ಳಿ. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಎಂದು ಅದರ ಅರ್ಥ. ಗಾಜು ಅಗಲವಾದಷ್ಟೂ ನಸುಕಿನಲ್ಲಿ ಬೆಳಕು ಹೆಚ್ಚು ಒಳಗೆ ಬರುತ್ತದೆ. 20 ಪಟ್ಟು, 30 ಪಟ್ಟು ಎಂದು ಬರೆದು ಅಗ್ಗಕ್ಕೆ ಮಾರುವವನ್ನು ನಂಬಬೇಡಿ. ಅಷ್ಟು ದೊಡ್ಡದು ಮಾಡಿದರೆ ಕೈನಡುಕವೂ ಅಷ್ಟೇ ದೊಡ್ಡದಾಗಿ, ಹಕ್ಕಿ ಒಂದು ಕ್ಷಣವೂ ನಿಲ್ಲುವುದಿಲ್ಲ.

ಹೊಸಬರು ಮಾಡಬೇಕಾದ್ದು ಇಷ್ಟೆ: ಮೊದಲು ಬರಿಗಣ್ಣಿನಲ್ಲಿ ಹಕ್ಕಿಯನ್ನು ಹಿಡಿಯಿರಿ, ದೃಷ್ಟಿ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ದುರ್ಬೀನಿನೊಳಗೆ ಹಕ್ಕಿ ಹುಡುಕಲು ಹೋದರೆ ಬರೀ ಎಲೆಯೇ ಸಿಗುವುದು. ಕನ್ನಡಕ ಹಾಕುವವರು ಕಣ್ಣಿಗೆ ತಾಗುವ ರಬ್ಬರ್ ಬಟ್ಟಲನ್ನು ಒಳಗೆ ಮಡಚಿಕೊಳ್ಳಬೇಕು. ಸೂರ್ಯನ ಕಡೆ ಮಾತ್ರ ಯಾವ ಕಾರಣಕ್ಕೂ ತಿರುಗಿಸಬಾರದು, ಮಕ್ಕಳ ಕೈಗೆ ಕೊಡುವಾಗ ಇದನ್ನೇ ಮೊದಲು ಹೇಳಿ.

ನನಗ ಕಾಗಿ, ಗುಬ್ಬಿ ಬಿಟ್ರ ಒಂದೂ ಹೆಸರು ಗೊತ್ತಿಲ್ರಿ. ನಾಚಿಕಿ ಆಗ್ತದ.

ನಾಚಿಕೆ ಯಾಕ? ಹೆಸರು ಆಮೇಲೆ ತಾನಾಗಿ ಬರುತ್ತದೆ. ಹಕ್ಕಿ ಕಂಡ ಕೂಡಲೇ "ಇದು ಯಾವುದು?" ಎಂದು ಕೇಳುವ ಬದಲು "ಇದು ಈಗ ಏನು ಮಾಡ್ಲಿಕ್ಕತ್ತೇದ?" ಎಂದು ಕೇಳಿಕೊಳ್ಳಿ. ಕೊಕ್ಕಿನಲ್ಲಿ ಹುಲ್ಲುಕಡ್ಡಿ ಇದೆಯೇ, ಹುಳ ಇದೆಯೇ? ಹುಲ್ಲಿದ್ದರೆ ಗೂಡು ಕಟ್ಟುತ್ತಿದೆ. ಹುಳವನ್ನು ನುಂಗದೆ ಹಿಡಿದುಕೊಂಡೇ ಕೂತಿದ್ದರೆ ಹತ್ತಿರದಲ್ಲಿ ಎಲ್ಲೋ ಮರಿಗಳಿವೆ, ನೀವು ಅಲ್ಲಿಂದ ಸರಿಯಲಿ ಎಂದು ಕಾಯುತ್ತಿದೆ. ಒಂದೇ ಟೊಂಗೆಗೆ ಮತ್ತೆ ಮತ್ತೆ ಬರುತ್ತಿದೆಯೇ? ಇನ್ನೊಂದನ್ನು ಓಡಿಸುತ್ತಿದೆಯೇ?

ಹೆಸರು ಪಟಪಟ ಹೇಳಿ ಮುಂದೆ ಹೋಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಹತ್ತು ನಿಮಿಷ ಒಂದೇ ಹಕ್ಕಿಯ ಮುಂದೆ ನಿಂತವರು ಹೆಚ್ಚು ಕಲಿಯುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಸಂತದಲ್ಲಂತೂ ಹಕ್ಕಿಯ ಹೆಸರಿಗಿಂತ ಅದರ ಕೆಲಸವೇ ದೊಡ್ಡದು.

ಹಂಗಾದ್ರ ಮೊದಲ ದಿನ ಯಾವುದರ ಮುಂದ ನಿಲ್ಲಬೇಕು?

ಗುಳುಮುಳುಕದ ಮುಂದೆ. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಬಾಲವೇ ಇಲ್ಲವೇನೋ ಎನ್ನುವಂಥ ದುಂಡು ಮೈ, ನೀರಿನ ಮೇಲೆ ತೇಲುತ್ತಿರುತ್ತದೆ. ನೋಡುತ್ತಿದ್ದಂತೆಯೇ ಮುಳುಗಿ ಮಾಯ. ಎಲ್ಲಿ ಏಳುತ್ತದೆ ಎಂದು ಹೇಳಲು ಬರುವುದಿಲ್ಲ, ಮಕ್ಕಳು ಇದನ್ನೇ ಪಂದ್ಯವಾಗಿ ಆಡುತ್ತಾರೆ. ಚಳಿಗಾಲದಲ್ಲಿ ಬೂದುಗಂದು ಬಣ್ಣ. ಈಗ ನೋಡಿ, ಕೆನ್ನೆ ಮತ್ತು ಕತ್ತು ಇಟ್ಟಿಗೆಗೆಂಪಾಗಿದೆ, ಕೊಕ್ಕಿನ ಬುಡದಲ್ಲಿ ನಸುಹಳದಿ ಚುಕ್ಕೆಯೊಂದು ಎದ್ದು ಕಾಣುತ್ತದೆ. ಜೋಡಿ ಕೂಡಿದಾಗ ಎರಡೂ ಸೇರಿ ಗಡಗಡ ನಡುಗುವ ದನಿಯಲ್ಲಿ ಕೂಗುತ್ತವೆ. ಕೆರೆಯ ಆ ದಂಡೆಯವರೆಗೂ ಕೇಳುತ್ತದೆ.

ಇದರ ಗೂಡು ತೇಲುವ ಗೂಡು. ಕೊಳೆತ ಜಲಸಸ್ಯಗಳನ್ನು ಒಟ್ಟಿ, ಜೊಂಡಿಗೆ ಸಿಕ್ಕಿಸಿ ನಿಲ್ಲಿಸುತ್ತದೆ. ನೀರು ಏರಿದರೆ ಗೂಡೂ ಏರುತ್ತದೆ. ಬಿಟ್ಟು ಹೋಗಬೇಕಾದಾಗ ತಾಯಿ ಮೊಟ್ಟೆಗಳ ಮೇಲೆ ನಾಲ್ಕು ಎಳೆ ಒದ್ದೆ ಕಳೆ ಎಳೆದು ಮುಚ್ಚಿ ಹೋಗುತ್ತದೆ. ದೂರದಿಂದ ನೋಡಿದವರಿಗೆ ಕಸದ ಗುಪ್ಪೆಯಷ್ಟೆ. ಮರಿಗಳಾದ ಮೇಲೆ ಅವು ಅಪ್ಪ-ಅವ್ವನ ಬೆನ್ನೇರಿ, ರೆಕ್ಕೆಯ ಸಂದಿನಿಂದ ಪಟ್ಟೆಪಟ್ಟೆ ತಲೆ ಮಾತ್ರ ಹೊರಗೆ ಹಾಕಿ ಕೂರುತ್ತವೆ. ಬೇಸಿಗೆಯಿಂದ ಮಳೆಗಾಲದವರೆಗೆ ಯಾವಾಗಲಾದರೂ ಇದು ಕಾಣಬಹುದು, ಕಣ್ಣಿಟ್ಟಿರಿ.

ಬಿಳೇ ಹಕ್ಕಿ ಎಲ್ಲಾ ಕೊಕ್ಕರಿ ಅಲ್ಲೇನು?

ನಮ್ಮ ಕಡೆ ಎಲ್ಲಕ್ಕೂ ಹಾಗೇ ಅನ್ನುತ್ತಾರೆ, ತಪ್ಪೇನಿಲ್ಲ. ಬೇರೆ ಬೇರೆ ಎಂದು ಗುರುತಿಸಲು ಕೊಕ್ಕು ಮತ್ತು ಕಾಲು ನೋಡಿ. ಕಪ್ಪು ಕೊಕ್ಕು, ಕಪ್ಪು ಕಾಲು, ಪಾದ ಮಾತ್ರ ಹಳದಿ ಇದ್ದರೆ ಬೆಳ್ಳಕ್ಕಿ. ಆ ಹಳದಿ ಪಾದದಿಂದ ಕೆಸರು ಕಲಕಿ ಮೀನು ಎಬ್ಬಿಸುತ್ತದೆ. ಗಿಡ್ಡ ಹಳದಿ ಕೊಕ್ಕು, ದನದ ಹಿಂದೆ ಹಿಂದೆ ಓಡಾಟ ಇದ್ದರೆ ಗೋವಕ್ಕಿ. ಏಪ್ರಿಲ್ ಹೊತ್ತಿಗೆ ಅದರ ತಲೆ, ಕತ್ತು, ಬೆನ್ನಿಗೆ ಕೇಸರಿ ಹಚ್ಚಿದಂತಾಗುತ್ತದೆ. ಕೂತಾಗ ಮಣ್ಣಿನ ಬಣ್ಣ, ಹಾರಿದ ಕೂಡಲೇ ಬೆಳ್ಳನೆ ರೆಕ್ಕೆ ಬಿಚ್ಚಿಕೊಂಡರೆ ಕೊಳದ ಬಕ.

ಆ ಕಪ್ಪು ಹಕ್ಕಿ ರೆಕ್ಕಿ ಅಗಲಿಸಿ ಕುಂತೇ ಇರ್ತದಲ್ಲ, ಏನಾಗೇದ ಅದಕ್ಕ?

ಏನೂ ಆಗಿಲ್ಲ. ಅದು ನೀರುಕಾಗೆ. ಬಾತಿನ ಗರಿ ನೀರು ಹಿಡಿಯುವುದಿಲ್ಲ, ಇದರ ಗರಿ ಹಿಡಿಯುತ್ತದೆ. ಹಿಡಿಯುವುದರಿಂದಲೇ ಆಳಕ್ಕೆ ಸಲೀಸಾಗಿ ಮುಳುಗಿ ಮೀನು ಅಟ್ಟಿಸಿಕೊಂಡು ಹೋಗಲು ಆಗುತ್ತದೆ. ಬೇಟೆ ಮುಗಿದ ಮೇಲೆ ಬಿಸಿಲಿಗೆ ರೆಕ್ಕೆ ಒಣಗಿಸುತ್ತದೆ.

ಒಂದು ಹಕ್ಕಿ ನಮ್ಮ ತಲಿ ಮ್ಯಾಲೆ ಚೀರಾಡ್ಕೋತ ಸುತ್ತಿತು. ಯಾಕ?

ಟಿಟ್ಟಿಭ. ಅದು ಹಾಗೆ ಚೀರಿದರೆ ನೀವು ಅದರ ಮನೆ ಬಾಗಿಲಲ್ಲಿ ನಿಂತಿದ್ದೀರಿ ಎಂದರ್ಥ.

ಈ ಹಕ್ಕಿ ಮರಕ್ಕೆ ಹೋಗುವುದಿಲ್ಲ. ಮಾರ್ಚ್‌ನಿಂದ ಮಳೆಗಾಲದವರೆಗೆ ಬರೀ ನೆಲದ ಮೇಲೆ, ಗರಸು ಹಾಸಿದ ಜಾಗದಲ್ಲಿ, ಕೆಲವೊಮ್ಮೆ ಮನೆಯ ಮಾಳಿಗೆಯ ಮೇಲೂ, ಸಣ್ಣ ತಗ್ಗು ಮಾಡಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಮಣ್ಣಿನದೇ, ಮೇಲೆ ಕಪ್ಪು ಕಲೆಗಳು, ಚೂಪು ತುದಿಗಳು ನಡುವಿಗೆ ಸೇರಿರುತ್ತವೆ. ಎರಡು ಹೆಜ್ಜೆ ದೂರದಿಂದಲೂ ಹರಳುಕಲ್ಲಿನಿಂದ ಬೇರೆ ಮಾಡಲಾಗದು. ನಮ್ಮ ಬಿಸಿಲಿಗೆ ಆ ನೆಲ ಕಾದು ಹೋಗುತ್ತದೆ. ಆಗ ತಂದೆ-ತಾಯಿ ಎರಡೂ ಸರದಿಯ ಮೇಲೆ ಕೆರೆಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತವೆ. ಇಲ್ಲಿ ಕಾವು ಕೊಡುವುದಕ್ಕಿಂತ ತಂಪು ಕೊಡುವುದೇ ದೊಡ್ಡ ಕೆಲಸ. ಕೆರೆ ಹತ್ತಿರ ಇದ್ದರೆ ಮಾತ್ರ ಇದು ಸಾಧ್ಯ.

ಆದ್ದರಿಂದ ಚೀರಾಟ ಕೇಳಿದರೆ ನಿಂತುಬಿಡಿ. ಕಾಲ ಕೆಳಗೆ ನೋಡಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ಮೊಟ್ಟೆ ಹುಡುಕಬೇಡಿ, ಫೋಟೊ ತೆಗೆಯಬೇಡಿ. ನೀವು ನಿಂತಷ್ಟು ಹೊತ್ತು ಮೊಟ್ಟೆ ಬಿಸಿಲಿಗೆ ಬೇಯುತ್ತಿರುತ್ತವೆ, ಮೇಲೆ ಕಾಗೆ ನಿಮ್ಮನ್ನೇ ನೋಡುತ್ತಿರುತ್ತದೆ.

ಕೋಗಿಲೆ ಕೂಗ್ತದ, ಕಾಣೋದೇ ಇಲ್ಲ. ಹೆಂಗ್ ನೋಡೋದು?

ಎಲೆ ದಟ್ಟವಾಗಿರುವ ಬೇವು, ಆಲ, ಅತ್ತಿ ಮರದ ಒಳಟೊಂಗೆಗಳಲ್ಲಿ ಹುಡುಕಿ. ಕುಹೂ ಕುಹೂ ಎಂದು ಏರುದನಿಯಲ್ಲಿ ಕೂಗುವುದು ಗಂಡು. ಮೈಯೆಲ್ಲ ಕಪ್ಪು, ಕಣ್ಣು ಕೆಂಪು, ಕೊಕ್ಕು ತಿಳಿಹಸಿರು. ಹೆಣ್ಣು ಕಂದು ಬಣ್ಣದ ಮೇಲೆ ಬಿಳಿ ಚುಕ್ಕೆ, ಅದರ ದನಿ ಕಿಕ್-ಕಿಕ್-ಕಿಕ್ ಎಂದು ಚುರುಕಾಗಿರುತ್ತದೆ. ಹೆಣ್ಣನ್ನು ನೋಡಿ ಬೇರೆ ಯಾವುದೋ ಹಕ್ಕಿ ಎಂದುಕೊಳ್ಳುವವರೇ ಜಾಸ್ತಿ.

ಕಾಗೆ ಗೂಡು ಕಟ್ಟುವ ಹೊತ್ತಿಗೇ ಕೋಗಿಲೆಯ ಗಂಟಲು ತೆರೆಯುತ್ತದೆ. ತನಗೆ ಗೂಡಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡಬೇಕು. ಕಾಗೆ ಕೋಗಿಲೆಯನ್ನು ಅಟ್ಟಿಸಿಕೊಂಡು ಹೋಗುವುದು ಕಂಡರೆ ಹತ್ತಿರದಲ್ಲೇ ಗೂಡಿದೆ ಎಂದು ತಿಳಿಯಿರಿ. ಯುಗಾದಿಗೆ ಬೇವಿನ ಹೂ ಕೊಯ್ಯಲು ಮರ ಹತ್ತುವವರು ಒಂದು ಸಲ ಮೇಲೆ ನೋಡಿ ಹತ್ತಿದರೆ ಕಾಗೆಗೂ ಒಳ್ಳೆಯದು, ತಲೆಗೂ ಒಳ್ಳೆಯದು.

ಮರದೊಳಗ ಯಾರೋ ತಾಮ್ರ ಬಡದಂಗ ಟುಕ್ ಟುಕ್ ಸಪ್ಪಳ ಬರ್ತದ. ಅದೇನು?

ಕಂಚುಕುಟಿಗ. ಗುಬ್ಬಿಗಿಂತ ತುಸು ದೊಡ್ಡದು, ಹಸಿರು ಮೈ, ಹಣೆಯ ಮೇಲೆ ಮತ್ತು ಎದೆಯ ಮೇಲೆ ಕೆಂಪು, ಗಂಟಲು ಹಳದಿ. ಒಂದೇ ತಾಳದಲ್ಲಿ ನಿಮಿಷಗಟ್ಟಲೆ ಬಡಿಯುತ್ತದೆ, ಬಿಸಿಲೇರಿದಷ್ಟೂ ಹುರುಪು. ಎಲ್ಲ ಹಕ್ಕಿಗಳು ಸುಮ್ಮನಾದ ಮಧ್ಯಾಹ್ನವೂ ಇದು ಬಿಡುವುದಿಲ್ಲ. ಒಣಗಿದ ಮೆತ್ತನೆ ಟೊಂಗೆಯಲ್ಲಿ ತಾನೇ ದುಂಡಗೆ ತೂತು ಕೊರೆದು ಗೂಡು ಮಾಡುತ್ತದೆ. ಪಾರ್ಕಿನಲ್ಲಿ ಒಣ ಟೊಂಗೆ ಕಂಡರೆ ಕಡಿಸುವ ಆತುರ ಬೇಡ ಎನ್ನುವುದು ಇದಕ್ಕೇ. ದಾರಿಯ ಮೇಲೆ ಬೀಳುವಂತಿದ್ದರೆ ಕಡಿಯಲಿ, ಇಲ್ಲದಿದ್ದರೆ ಮಳೆಗಾಲದವರೆಗೆ ಇರಲಿ.

ಚಳಿಗಾಲದಾಗ ಇದ್ದ ಹಕ್ಕಿಗಳು ಎಲ್ಲಿ ಹೋಗ್ತಾವ?

ಬಡಗಣಕ್ಕೆ. ಮಧ್ಯ ಏಷ್ಯಾ, ಸೈಬೀರಿಯಾ, ಮಂಗೋಲಿಯಾ, ಟಿಬೆಟ್ ಕಡೆ. ನಾವಿರುವುದು ಮಧ್ಯ ಏಷ್ಯಾದ ಹಾರುದಾರಿಯಲ್ಲಿ. ಬಾತುಗಳಲ್ಲಿ ಹೆಚ್ಚಿನವು ಮಾರ್ಚ್ ಹೊತ್ತಿಗೆ ಹೊರಟಿರುತ್ತವೆ. ಕಣ್ಣ ಮೇಲೆ ಬಿಳಿ ಹುಬ್ಬು ತೀಡಿದಂತಿರುವ ಬಿಳಿಹುಬ್ಬಿನ ಬಾತು ಮಾತ್ರ ಕೊನೆಯವರೆಗೆ ಉಳಿಯುತ್ತದೆ. ಪಟ್ಟೆತಲೆ ಹೆಬ್ಬಾತು ಹಿಮಾಲಯವನ್ನೇ ದಾಟಿ ಹೋಗುತ್ತದೆ. ಅದು ನಮ್ಮ ಊರೊಳಗಿನ ಕೆರೆಯಲ್ಲಿ ಇಳಿಯುವ ಹಕ್ಕಿಯಲ್ಲ, ಹೊರಗಿನ ದೊಡ್ಡ ಕೆರೆಗಳಲ್ಲಿ ಹುಡುಕಬೇಕು.

ಹೊರಡುವ ಮುಂಚೆ ಅವು ತಿನ್ನುವುದನ್ನು ನೋಡಿ. ದಂಡೆಯ ಕೆಸರಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಕುಂಡೆಕುಸ್ಕ, ಹಿಂಭಾಗ ಎತ್ತೆತ್ತಿ ಹಾಕುವ ಗದ್ದೆಗೊರವ, ನೀರು ಸವರಿ ಹಾರುವ ಕವಲುಬಾಲದ ಹಕ್ಕಿಗಳು, ಯಾವುದಕ್ಕೂ ಪುರುಸೊತ್ತಿಲ್ಲ. ದಾರಿಗೆ ಬೇಕಾದ ಕೊಬ್ಬನ್ನು ಇಲ್ಲೇ ಮೈಗೆ ತುಂಬಿಕೊಳ್ಳಬೇಕು. ಮಾರ್ಚ್‌ನಲ್ಲಿ ನೀರು ಇಳಿದು ಕೆಸರು ತೆರೆದುಕೊಳ್ಳುವುದು ನಮಗೆ ಹೊಲಸಾಗಿ ಕಾಣುತ್ತದೆ, ಅವುಗಳಿಗೆ ಅದೇ ಊಟದ ಎಲೆ.

ಗುಲಾಬಿ ಕಬ್ಬಕ್ಕಿಯ ಮಾತು ಬೇರೆಯೇ. ಜೋಳದ ಹೊಲದವರಿಗೆ ಇದನ್ನು ಪರಿಚಯಿಸಬೇಕಿಲ್ಲ. ತೆನೆ ಹಾಲುಗಟ್ಟುವಾಗ ಮೋಡ ಕವಿದಂತೆ ಬಂದು ಬೀಳುತ್ತವೆ. ಅಟ್ಟದ ಮೇಲೆ ನಿಂತು ಕವಣೆ ಬೀಸಿ, ಡಬ್ಬಿ ಬಡಿದು ಹಕ್ಕಿ ಕಾಯ್ದವರ ಸಿಟ್ಟು ನ್ಯಾಯವಾದದ್ದೇ. ಅದೇ ಹಕ್ಕಿ ಮಿಡತೆಯನ್ನೂ ಅಷ್ಟೇ ಹಸಿವಿನಿಂದ ತಿನ್ನುತ್ತದೆ. ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಮರಿ ಸಾಕುವುದೇ ಮಿಡತೆಯ ಮೇಲೆ. ಜೋಳ ಕೊಯ್ಲಾದ ಮೇಲೆ ಮುತ್ತುಗ, ಬೂರುಗದ ಹೂಗಳಿಗೆ ಮುತ್ತಿಕೊಂಡು ಮಕರಂದ ಕುಡಿಯುತ್ತವೆ. ಏಪ್ರಿಲ್ ಮುಗಿಯುವುದರೊಳಗೆ ಒಂದೂ ಇರುವುದಿಲ್ಲ. ಹೋಗುವ ಮುಂಚೆ ಗುಲಾಬಿ ಬೆನ್ನು, ಕಪ್ಪು ಜುಟ್ಟು ಒಳ್ಳೆ ಹೊಳಪಿಗೆ ಬಂದಿರುತ್ತದೆ, ನೋಡದೆ ಬಿಡಬೇಡಿ.

ಕ್ಯಾಮೆರಾ ತರಬಹುದಾ?

ತನ್ನಿ. ಫ್ಲ್ಯಾಶ್ ಬೇಡ, ಡ್ರೋನ್ ಬೇಡವೇ ಬೇಡ. ಗೂಡಿನ ಫೋಟೊ ತೆಗೆಯುವುದಿಲ್ಲ, ಗೂಡಿಗೆ ಅಡ್ಡ ಇರುವ ಎಲೆ-ಟೊಂಗೆ ಸರಿಸುವುದಿಲ್ಲ. ಆ ಎಲೆಯೇ ಮರಿಗೆ ಸೂರು.

ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯುವುದನ್ನು ನಮ್ಮ ನಡಿಗೆಯಲ್ಲಿ ಬಿಡುವುದಿಲ್ಲ. ವಸಂತದಲ್ಲಿ ಆ ದನಿ ಕೇಳಿದ ಗಂಡು ತನ್ನ ಜಾಗಕ್ಕೆ ಬೇರೊಂದು ಗಂಡು ನುಗ್ಗಿದೆ ಎಂದು ಗೂಡು ಬಿಟ್ಟು ಹುಡುಕಲು ಬರುತ್ತದೆ. ನಿಮಗೆ ಒಂದು ಫೋಟೊ ಸಿಗುತ್ತದೆ, ಅದಕ್ಕೆ ಬೆಳಗಿನ ಹೊತ್ತೇ ಹಾಳು.

ಮಕ್ಕಳನ್ನ ಕರಕೊಂಡು ಬರಬಹುದಾ?

ಖಂಡಿತ. ಸಣ್ಣ ದನಿಗಳು ನಮಗಿಂತ ಅವರಿಗೇ ಚೆನ್ನಾಗಿ ಕೇಳುತ್ತವೆ. ಮಾರ್ಚ್ ಪರೀಕ್ಷೆಯ ತಿಂಗಳು, ಬಲವಂತ ಮಾಡಬೇಡಿ. ಹೋಂವರ್ಕ್ ತರಹ "ಎಷ್ಟು ಹಕ್ಕಿ ಬರಕೊಂಡಿ?" ಎಂದು ಕೇಳಲೂ ಬೇಡಿ. ನೀರಿನ ಅಂಚಿನಲ್ಲಿ ಮಾತ್ರ ಕೈ ಹಿಡಿದುಕೊಂಡಿರಿ.

ಅವ್ವಗ ಮೊಣಕಾಲು ನೋವು. ಕೆರಿ ಸುತ್ತು ಹಾಕಲಿಕ್ಕ ಆಗೂದಿಲ್ಲ.

ಸುತ್ತು ಹಾಕಲೇಬೇಕೆಂದಿಲ್ಲ. ನೆರಳಿರುವ ಬೆಂಚಿನ ಮೇಲೆ ಕೂರಿಸಿ, ಒಂದು ದುರ್ಬೀನು ಅವರ ಕೈಗೆ ಕೊಡಿ. ನಡೆಯುವವರನ್ನು ಕಂಡು ಹಾರಿಹೋಗುವ ಹಕ್ಕಿ ಕೂತವರ ಹತ್ತಿರಕ್ಕೆ ತಾನಾಗಿ ಬರುತ್ತದೆ. ನಾವು ಸುತ್ತಿ ಬರುವಷ್ಟರಲ್ಲಿ ಹಿರಿಯರೇ ನಮಗಿಂತ ಹೆಚ್ಚು ನೋಡಿರುತ್ತಾರೆ. ಮಿಂಚುಳ್ಳಿ ಮೀನು ಹಿಡಿದು ಕಲ್ಲಿಗೆ ಬಡಿಬಡಿದು ನುಂಗಿದ್ದನ್ನು ಹೇಳಿ ಸಂಭ್ರಮಪಡುವವರು ಅವರೇ.

ಬಟ್ಟಿ, ನೀರು, ನಾಷ್ಟಾ?

ಹಸಿರು, ಕಂದು, ಮಣ್ಣಿನ ಬಣ್ಣದ ಬಟ್ಟೆ ಒಳ್ಳೆಯದು. ತಲೆಗೆ ಟೋಪಿ ಇಲ್ಲವೇ ಟವೆಲ್, ಕುಡಿಯುವ ನೀರು, ಜಾರದ ಚಪ್ಪಲಿ ಅಥವಾ ಶೂ. ಸೆಂಟು ಬೇಡ, ಫೋನ್ ಸೈಲೆಂಟ್. ಮುಗಿದ ಮೇಲೆ ಎಲ್ಲರೂ ಸೇರಿ ಸುಸಲಾ-ಮಿರ್ಚಿ ತಿನ್ನುತ್ತೇವೆ, ಅದಕ್ಕೆ ಹಸಿವು ಉಳಿಸಿಕೊಂಡಿರಿ.

ಬಾತಿಗೆ ಚುರಮುರಿ, ಬ್ರೆಡ್ ಹಾಕಬಹುದಾ? ಮನಿ ಮ್ಯಾಲೆ ನೀರಿಡೋದು ಛಲೋನಾ?

ಕೆರೆಗೆ ಏನೂ ಹಾಕಬೇಡಿ. ಬ್ರೆಡ್ಡಿನಲ್ಲಿ ಹಕ್ಕಿಗೆ ಬೇಕಾದ ಸತ್ವ ಇಲ್ಲ, ತಿನ್ನದೆ ಉಳಿದದ್ದು ಕೊಳೆತು ನೀರು ಕೆಡಿಸುತ್ತದೆ.

ಮನೆಯ ಮಾಳಿಗೆಯ ಮೇಲೆ ನೀರಿಡುವುದು ನಮ್ಮ ಊರಿನಲ್ಲಿ ಬಹಳ ದೊಡ್ಡ ಉಪಕಾರ. ಅಗಲವಾದ, ಆಳವಿಲ್ಲದ ಮಣ್ಣಿನ ಬೋಗುಣಿ ತೆಗೆದುಕೊಳ್ಳಿ. ಎರಡು ಬೆರಳು ನೀರು ಸಾಕು. ನಡುವೆ ಒಂದು ಕಲ್ಲಿಟ್ಟರೆ ಸಣ್ಣ ಹಕ್ಕಿ, ಜೇನುಹುಳ ಮುಳುಗುವುದಿಲ್ಲ. ನೆರಳಿನಲ್ಲಿಡಿ. ಸ್ಟೀಲ್, ತಗಡಿನ ಪಾತ್ರೆ ಬೇಡ, ನೀರು ಕುದಿಯುವಷ್ಟು ಕಾಯುತ್ತದೆ. ದಿನಾ ಚೆಲ್ಲಿ, ಉಜ್ಜಿ, ಹೊಸ ನೀರು ಹಾಕಿ. ಒಂದೇ ನೀರು ವಾರಗಟ್ಟಲೆ ಇಟ್ಟರೆ ಸೊಳ್ಳೆಯೂ ಆಗುತ್ತದೆ, ಹಕ್ಕಿಗೆ ರೋಗವೂ ಹರಡುತ್ತದೆ.

ಗೂಡಿನಿಂದ ಮರಿ ಬಿದ್ದದ. ಮನುಷ್ಯರು ಮುಟ್ಟಿದ್ರ ತಾಯಿ ಸೇರಿಸಂಗಿಲ್ಲ ಅಂತಾರ, ಖರೇನಾ?

ಖರೆ ಅಲ್ಲ. ಮುಟ್ಟಿದ ಮಾತ್ರಕ್ಕೆ ಹಕ್ಕಿ ಮರಿ ಬಿಡುವುದಿಲ್ಲ.

ಮರಿಗೆ ಗರಿ ಮೂಡಿ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ನಾಯಿ, ಬೆಕ್ಕು ಸಿಗದಂತೆ ಹತ್ತಿರದ ಟೊಂಗೆಯ ಮೇಲಿಟ್ಟು ದೂರ ಸರಿಯಿರಿ, ತಂದೆ-ತಾಯಿ ಅಲ್ಲೇ ಇರುತ್ತವೆ. ಗರಿಯಿಲ್ಲದ ಬೋಳು ಮರಿಯಾದರೆ ಗೂಡು ಹುಡುಕಿ ಅದರೊಳಗೇ ಇಡಿ. ಗೂಡು ಕೈಗೆಟುಕದಿದ್ದರೆ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಕಿ ಅದೇ ಮರಕ್ಕೆ ಕಟ್ಟಿ. ಕೊಕ್ಕು ತೆರೆದು ನೀರು, ಹಾಲು ಹಾಕಬೇಡಿ, ಉಸಿರುನಾಳಕ್ಕೆ ಹೋಗಿ ಸಾಯುತ್ತದೆ.

ಬಿಸಿಲಿಗೆ ಬಿದ್ದ ದೊಡ್ಡ ಹಕ್ಕಿ ಸಿಕ್ಕರೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ನೆರಳಿಗಿಡಿ, ಪಕ್ಕಕ್ಕೆ ನೀರಿನ ಬಟ್ಟಲು, ಸದ್ದು ಬೇಡ. ಎಷ್ಟೋ ಹಕ್ಕಿಗಳು ಗಂಟೆಯೊಳಗೆ ಚೇತರಿಸಿಕೊಳ್ಳುತ್ತವೆ. ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ. ಮರಕ್ಕೆ ಸಿಕ್ಕಿಕೊಂಡ ಪತಂಗದ (ಗಾಳಿಪಟದ) ದಾರ ಕಂಡರೆ ಬಿಡಿಸಿ ಸುಟ್ಟುಹಾಕದೆ ಸುತ್ತಿ ಕಸಕ್ಕೆ ಹಾಕಿ. ನೈಲಾನ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ, ಆದರೂ ರೆಕ್ಕೆ ಕತ್ತರಿಸುವುದು ನಿಂತಿಲ್ಲ.

ಗುಬ್ಬಿ ಎಲ್ಲಾ ಮೊಬೈಲ್ ಟವರಿನಿಂದ ಸತ್ತು ಹೋದ್ವು ಅಂತಾರ?

ದೇಶದ ಪಕ್ಷಿಗಳ ಸ್ಥಿತಿಗತಿಯ ಬಗ್ಗೆ 2020ರಲ್ಲಿ ಬಂದ ವರದಿಯ ಪ್ರಕಾರ ಗುಬ್ಬಿಗಳ ಸಂಖ್ಯೆ ಒಟ್ಟಾರೆ ಹೆಚ್ಚುಕಡಿಮೆ ಸ್ಥಿರವಾಗಿದೆ, ದೊಡ್ಡ ಮಹಾನಗರಗಳಲ್ಲಿ ಕುಸಿದಿದೆ. ಮರಿಗೆ ಹುಳ ಬೇಕು, ಹುಳಕ್ಕೆ ಗಿಡ ಬೇಕು, ಗೂಡಿಗೆ ಗೋಡೆಯ ಸಂದು ಬೇಕು. ಹಳೇ ಮನೆ ಹೋಗಿ ನುಣ್ಣನೆ ಗೋಡೆಯ ಮನೆ ಬಂದರೆ ಗುಬ್ಬಿ ಎಲ್ಲಿ ಕೂರಬೇಕು? ಕಾಳುಕಡಿಯ ಅಂಗಡಿಗಳ ಮುಂದೆ ಬೆಳಿಗ್ಗೆ ನಿಂತು ನೋಡಿ, ಇನ್ನೂ ಅದಾವ.

ಕೆರಿಯೊಳಗಿನ ಕಳಿ, ಜೊಂಡು ಎಲ್ಲಾ ತಗದು ಸ್ವಚ್ಛ ಮಾಡಿದ್ರ ಹಕ್ಕಿಗೂ ಛಲೋ ಅಲ್ಲೇನು?

ಈ ಪ್ರಶ್ನೆಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಕೆರೆಯನ್ನು ಪ್ರೀತಿಸುವವರೇ ಇಲ್ಲಿ ಎರಡು ಪಂಗಡವಾಗುತ್ತಾರೆ.

ನೀರಿನ ಮೇಲೆ ಚಾಪೆಯಂತೆ ಹರಡುವ ಅಂತರಗಂಗೆ ಹೋಗಲೇಬೇಕು. ಅದು ದಕ್ಷಿಣ ಅಮೆರಿಕದಿಂದ ಬಂದ ಕಳೆ. ನೀರಿಗೆ ಬೆಳಕು ಬಿಡುವುದಿಲ್ಲ, ಅದು ಕೊಳೆತಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಚರಂಡಿ ನೀರು ಬರುತ್ತಿರುವವರೆಗೂ ಅದು ಮತ್ತೆ ಮತ್ತೆ ಹುಟ್ಟುತ್ತದೆ, ಏಕೆಂದರೆ ಚರಂಡಿಯ ಸಾರಜನಕ, ರಂಜಕವೇ ಅದಕ್ಕೆ ಗೊಬ್ಬರ. ಮೇಲಿನಿಂದ ಎಷ್ಟು ಬಾಚಿದರೂ ಒಳಗೆ ಬರುವ ಹೊಲಸು ನಿಲ್ಲದಿದ್ದರೆ ಕೆಲಸ ಮುಗಿಯುವುದಿಲ್ಲ.

ಆದರೆ ಅಂಚಿನ ಜೊಂಡು, ಆಪು ಬೇರೆ ಮಾತು. ಹುಂಡುಕೋಳಿ, ನಾಮದ ಕೋಳಿ, ಜಂಬುಕೋಳಿ, ಗುಳುಮುಳುಕ ಎಲ್ಲಕ್ಕೂ ಗೂಡು ಅಲ್ಲೇ. ಕಳೆ ತೆಗೆಯುವ ಯಂತ್ರ ಬಂದಾಗ ಎರಡನ್ನೂ ಒಟ್ಟಿಗೆ ಎಳೆದು ಹಾಕಿದರೆ ಒಂದೇ ದಿನದಲ್ಲಿ ಆ ವರ್ಷದ ಮರಿಗಳೆಲ್ಲ ಹೋದವು. ನಾವು ಕೇಳುವುದು ಮೂರು ಮಾತು: ಜೊಂಡಿಗೆ ಕೈ ಹಾಕುವುದಾದರೆ ಗೂಡಿನ ಕಾಲಕ್ಕೆ ಮುಂಚೆ, ಚಳಿಗಾಲದಲ್ಲೇ ಹಾಕಿ. ಒಂದು ಮೂಲೆಯನ್ನಾದರೂ ಪೂರ್ತಿ ಬಿಟ್ಟುಬಿಡಿ. ದಂಡೆಯನ್ನೆಲ್ಲ ಕಲ್ಲು-ಸಿಮೆಂಟಿನಿಂದ ನೆಟ್ಟಗೆ ಕಟ್ಟದೆ ಎಲ್ಲೋ ಒಂದು ಕಡೆ ಮಣ್ಣಿನ ಇಳಿಜಾರು ಇರಲಿ. ಗೋಡೆಯಂಥ ದಂಡೆಯ ಮೇಲೆ ಟಿಟ್ಟಿಭವೂ ನಿಲ್ಲದು, ಗದ್ದೆಗೊರವವೂ ನಿಲ್ಲದು.

ಗಿಳಿ ಸಾಕಬಹುದಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಗಿಳಿ ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. ಅವು ಮರದ ಪೊಟರೆಗಳಲ್ಲಿ ಮರಿ ಮಾಡುವ ಕಾಲವೂ ಇದೇ, ಮರಿ ಕದಿಯುವವರು ಬರುವ ಕಾಲವೂ ಇದೇ. ಕಂಡರೆ ಇಲಾಖೆಗೆ ತಿಳಿಸಿ.

ನೋಡಿದ್ದನ್ನ ಎಲ್ಲಿ ಬರದಿಡೋದು?

ಮೊದಲಿಗೆ ನೋಟ್‌ಬುಕ್. ತಾರೀಕು, ಸಮಯ, ಹಕ್ಕಿ, ಏನು ಮಾಡುತ್ತಿತ್ತು. ರೂಢಿಯಾದ ಮೇಲೆ ಇ-ಬರ್ಡ್ ಆ್ಯಪ್‌ನಲ್ಲಿ ಹಾಕಿ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ನಡೆಸುವ ಅದಕ್ಕೆ ದುಡ್ಡಿಲ್ಲ. ಬೆಂಗಳೂರು, ಮೈಸೂರಿನ ಕೆರೆಗಳ ಬಗ್ಗೆ ರಾಶಿ ಮಾಹಿತಿ ಇದೆ, ನಮ್ಮ ಕಡೆಯದು ಕಡಿಮೆ. ಅಪ್ಪನ ಕೆರೆಯಲ್ಲಿ ಕೊನೆಯ ಕುಂಡೆಕುಸ್ಕ ಯಾವ ವಾರ ಹೊರಟಿತು ಎಂದು ನೀವು ವರ್ಷವರ್ಷ ಬರೆದಿಟ್ಟರೆ ಅದಕ್ಕೆ ಬೆಲೆ ಇದೆ. ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಲ ಹಕ್ಕಿ ಎಣಿಕೆಗೂ ಸೇರಿಕೊಳ್ಳಬಹುದು, ಹದಿನೈದು ನಿಮಿಷ ಎಣಿಸಿದರೂ ಸಾಕು.

ಕೆರಿ ಆಯ್ತು. ಇನ್ನೂ ನೋಡಬೇಕಂದ್ರ ಎಲ್ಲಿ ಹೋಗಬೇಕು?

ಊರ ಹೊರಗೆ ಭೋಸಗಾ ಕೆರೆ ಇದೆ. ಇಡೀ ದಿನ ಇದ್ದರೆ ಚಿಂಚೋಳಿ ವನ್ಯಜೀವಿಧಾಮಕ್ಕೆ ಹೋಗಿ. 2011ರಲ್ಲಿ ಘೋಷಣೆಯಾದ ಒಣಕಾಡು ಅದು, ಒಳಗೆ ಚಂದ್ರಂಪಳ್ಳಿ ಜಲಾಶಯ. ನೀರ ಹಕ್ಕಿ, ಕಾಡಹಕ್ಕಿ ಎರಡೂ ಸಿಗುತ್ತವೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮ ಸುರಪುರದ ನಾಯಕ ಅರಸರ ಕಾಲದ ಕೆರೆ. ಅಲ್ಲಿಗೆ ಹೋಗುವುದಾದರೆ ವಸಂತಕ್ಕೆ ಕಾಯದೆ ಡಿಸೆಂಬರ್–ಜನವರಿಯಲ್ಲೇ ಹೋಗಿ, ಹೆಬ್ಬಾತುಗಳ ಕಾಲ ಅದು. ಬೀದರ್ ಕಡೆಯವರಿಗೆ ಕಾರಂಜಾ ಜಲಾಶಯದ ಹಿನ್ನೀರು ಹತ್ತಿರ. ಚಿಂಚೋಳಿಗೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿಕೊಂಡು, ಬುತ್ತಿ ಕಟ್ಟಿಕೊಂಡು, ನೀರು ಹೆಚ್ಚಿಗೇ ತೆಗೆದುಕೊಂಡು ಹೊರಡಿ.